ತೆರೆದ ಬಾಯಿ ಮುಚ್ಚದಿದ್ದಾಗ

ವಾಚಕರೇ, ದವಡೆಗೆ ಬೀಗ ಬಿತ್ತೆಂದರೆ ಬಾಯಿ ಮುಚ್ಚಿತೆಂದೇ ನಾವು ತಿಳಿಯುತ್ತೇವೆ; ನಮ್ಮ ಕೊಗನೊಳ್ಳಿಯಲ್ಲಿ ಒಮ್ಮೆ ಅದು ತೆರೆದೇ ಬಿದ್ದಿತು. ಮಧ್ಯಾಹ್ನ ಸಂಧಿಪ್ರಕರಣ ಹೇಳುತ್ತಿದ್ದೆ. ಹುಡುಗನೊಬ್ಬ ದೊಡ್ಡದಾಗಿ ಆಕಳಿಸಿದ (ತಪ್ಪು ನನ್ನದೂ ಇರಬಹುದು). ತೆರೆದ ಬಾಯಿ ಮುಚ್ಚಲೊಲ್ಲದು. ಜೊಲ್ಲು, ಕಣ್ಣೀರು, ತೊದಲು. ಧನುರ್ವಾಯುವೆಂದು ಯಾರೋ ಕೂಗಿದರು. ಅದರಲ್ಲಿ ದವಡೆ ಕಚ್ಚಿಕೊಳ್ಳುತ್ತದೆಯಲ್ಲದೆ ಹೀಗೆ ತೆರೆದು ನಿಲ್ಲುವುದಿಲ್ಲ. ಇನ್ನೊಬ್ಬರು ಗದ್ದಕ್ಕೆ ಗುದ್ದಲು ಬಂದರು, ಕೈ ಹಿಡಿದೆ. ಕೆಳದವಡೆಯ ಎಲುಬಿನ ತುದಿ ಕಿವಿಯ ಮುಂದಿನ ಗುಳಿಯಿಂದ ಜಾರಿ, ಅದರ ಮುಂದಿನ ದಿಬ್ಬ ದಾಟಿ ನಿಂತಿರುತ್ತದೆ. ಸ್ನಾಯುಗಳು ಬಿಗಿದು ಅಲ್ಲಿಯೇ ಹಿಡಿಯುತ್ತವೆ. ಗುದ್ದಿದರೆ ಮುರಿದೀತು.

ಗದ್ದಕ್ಕೆ ವಸ್ತ್ರದ ಆಸರೆ ಕೊಟ್ಟು ನಿಪ್ಪಾಣಿಗೆ ಒಯ್ದೆವು. ವೈದ್ಯರು ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿ, ಕೆಳಗಿನ ದವಡೆಹಲ್ಲುಗಳ ಮೇಲಿಟ್ಟು, ಮೊದಲು ಕೆಳಕ್ಕೆ, ಆಮೇಲೆ ಹಿಂದಕ್ಕೆ ಒತ್ತಿದರು. ಟಕ್ಕೆಂದು ಕೂಡಿತು. ಬಟ್ಟೆಯೇಕೆಂದರೆ, ಕೂಡುವಾಗ ಹಲ್ಲು ಕಚ್ಚುತ್ತವೆ! ಚರಕಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯದಲ್ಲಿಯೂ ಶಾಖ ಕೊಟ್ಟು ಹೆಬ್ಬೆರಳಿನಿಂದ ಒತ್ತಿ ಗದ್ದವೆತ್ತುವ ಕ್ರಮವುಂಟು. ನಾನು ಓದಿದ್ದೆ, ಆದರೂ ಕೈ ಹಚ್ಚಲಿಲ್ಲ. ಅದು ಕಲಿತ ಕೈಯ ಕೆಲಸ.

ಒಮ್ಮೆ ಜಾರಿದ್ದು ಮತ್ತೆ ಜಾರುವುದುಂಟು. ಕೆಲವು ವಾರ ಮೆತ್ತನೆಯ ಊಟ, ಆಕಳಿಕೆ ಬಂದಾಗ ಗದ್ದದಡಿ ಮುಷ್ಟಿ, ಎಂದರು ವೈದ್ಯರು. ಹುಡುಗ ಈಗ ನನ್ನ ಪಾಠ ಆರಂಭವಾಗುತ್ತಲೇ ಮುಷ್ಟಿಯನ್ನು ಗದ್ದಕ್ಕೆ ಆನಿಸಿ ಕೂಡುತ್ತಾನೆ.