ಕೃಪೆ ಬಂದ ಮೇಲೆ



ಕ್ರೈಸ್ತ ಧರ್ಮದಲ್ಲಿ ಒಂದು ಮಾತಿಗೆ ಬಹಳ ತೂಕವಿದೆ. ಕನ್ನಡ ಬೈಬಲ್ಲು ಅದನ್ನು ಕೃಪೆ ಎಂದು ಕರೆಯುತ್ತದೆ. ಕಥೋಲಿಕರು ವರಪ್ರಸಾದ ಎನ್ನುತ್ತಾರೆ. ದುಡಿದು ಪಡೆದದ್ದು ಕೂಲಿ, ದುಡಿಯದೆ ದೊರೆತದ್ದು ಕೃಪೆ. ಸಂತ ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ ಈ ಭೇದವನ್ನು ಬಿಡಿಸಿ ಹೇಳಿದ್ದಾನೆ. ಇಷ್ಟನ್ನು ಹೇಳುವುದು ಸುಲಭ. ಕೃಪೆ ಬಂದ ಮೇಲೆ ಮನುಷ್ಯ ಏನಾಗುತ್ತಾನೆ? ಅದು ಕಷ್ಟದ ಪ್ರಶ್ನೆ.

ಜಾನ್ ನ್ಯೂಟನ್ ಎಂಬಾತ 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ಹಡಗಿನಲ್ಲಿಯೇ ಬೆಳೆದ. ದೇವರನ್ನು ಹಳಿಯುವುದರಲ್ಲಿ ಒರಟು ನಾವಿಕರೂ ನಾಚುವಂಥ ಬಾಯಿ ಅವನದು. 1748ರ ಮಾರ್ಚ್ ತಿಂಗಳಲ್ಲಿ ಅಟ್ಲಾಂಟಿಕ್ ಸಾಗರದ ನಡುವೆ ಬಿರುಗಾಳಿ ಎದ್ದು ಹಡಗು ಒಡೆದು ನೀರು ನುಗ್ಗಿತು. ತಾಸುಗಟ್ಟಲೆ ನೀರು ಹೊರಹಾಕಿ ಸೋತಿದ್ದ ಅವನ ಬಾಯಿಂದ ತನಗರಿವಿಲ್ಲದೆಯೇ ದೇವರ ಕರುಣೆಯ ಮಾತು ಬಂದಿತು. ಆ ಮಾತಿಗೆ ಅವನೇ ಬೆಚ್ಚಿದ. ಹಡಗು ಹೇಗೋ ದಡ ಸೇರಿತು. ಆ ದಿನವನ್ನು ಆತ ಬದುಕಿರುವವರೆಗೂ ನೆನೆದು ಪ್ರಾರ್ಥಿಸುತ್ತಿದ್ದ.

ಪುರಾಣ ಹೇಳುವವರು ಇಲ್ಲಿಗೇ ಮಂಗಳ ಹಾಡಿಬಿಡುತ್ತಾರೆ. ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಅದೇ ನ್ಯೂಟನ್ 1750ರಿಂದ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗಿಗೆ ಕಪ್ತಾನನಾಗಿ ಮೂರು ಯಾತ್ರೆ ಮಾಡಿದ! ಆಫ್ರಿಕದ ಜನರನ್ನು ಸರಪಳಿ ಹಾಕಿ ತುಂಬಿಕೊಂಡು, ದೂರದ ದೇಶಕ್ಕೆ ಒಯ್ದು ಮಾರುವ ದಂಧೆ ಅದು. ಮೇಲೆ ಅಟ್ಟದ ಮೇಲೆ ಭಾನುವಾರದ ಪ್ರಾರ್ಥನೆ, ಕೆಳಗೆ ಸರಪಳಿಯಲ್ಲಿ ಮನುಷ್ಯರು. ಎರಡಕ್ಕೂ ನಡುವೆ ಇದ್ದದ್ದು ಒಂದು ಹಲಗೆ ಮಾತ್ರ. ಅವನ ಮನಸ್ಸು ಕುಟುಕಲಿಲ್ಲ. ಕೊನೆಗೆ ಸಮುದ್ರ ಬಿಟ್ಟದ್ದೂ ಕಾಯಿಲೆಯಿಂದ, ಪಶ್ಚಾತ್ತಾಪದಿಂದಲ್ಲ.

1764ರಲ್ಲಿ ಆತ ಪಾದ್ರಿಯಾದ. ಓಲ್ನಿ ಎಂಬ ಊರಿನಲ್ಲಿ, 1773ರ ಹೊಸ ವರ್ಷದ ದಿನಕ್ಕಾಗಿ, ‘ಅಮೇಜಿಂಗ್ ಗ್ರೇಸ್’ ಎಂದು ಈಗ ಲೋಕವೆಲ್ಲ ಹಾಡುವ ಕೃಪೆಯ ಹಾಡನ್ನು ಬರೆದ. ಆಗಲೂ ಗುಲಾಮ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬಾಯಿ ತೆರೆದಿರಲಿಲ್ಲ. ತೆರೆದದ್ದು 1788ರಲ್ಲಿ. ಬಿರುಗಾಳಿ ಕಳೆದು ನಲವತ್ತು ವರ್ಷವಾಗಿತ್ತು! ಒಂದು ಕಿರುಪುಸ್ತಕದಲ್ಲಿ ತನ್ನ ಕೈಯ ಕೆಲಸವನ್ನು ನಾಚಿಕೆಯಿಂದ ಒಪ್ಪಿಕೊಂಡ. ಕಂಡದ್ದನ್ನು ಕಂಡಂತೆ ಪಾರ್ಲಿಮೆಂಟಿನ ಸಮಿತಿಯ ಮುಂದೆಯೂ ಹೇಳಿದ.

ಹಾಗಾದರೆ 1748ರ ಕೃಪೆ ಸುಳ್ಳೇ? ಸುಳ್ಳೆನ್ನಲು ನಮಗೆ ಮನಸ್ಸಿಲ್ಲ. ಆ ಬಿರುಗಾಳಿಯ ನಂತರವೂ ಎಷ್ಟೋ ಕಾಲ ತಾನು ಪೂರ್ಣ ಭಕ್ತನಾಗಿರಲಿಲ್ಲವೆಂದು ಆತನೇ ಬರೆದಿದ್ದಾನೆ. ಬೀಜ ಬಿದ್ದ ದಿನವೇ ತೆನೆ ಕೊಯ್ಯುವ ರೈತನಿಲ್ಲ. ಕೃಪೆ ಪುಕ್ಕಟೆ ಬಂದಿತು, ಕಣ್ಣು ಮಾತ್ರ ನಿಧಾನವಾಗಿ ತೆರೆಯಿತು. ಈ ಮಾತು ಸಾಧಕನಿಗೆ ಸಮಾಧಾನ ಕೊಡುತ್ತದೆ, ನಿಜ. ಆದರೆ ಹಲಗೆಯ ಕೆಳಗಿದ್ದವರನ್ನು ನೆನೆದಾಗ ಈ ಸಮಾಧಾನ ನಮ್ಮಲ್ಲಿ ನಿಲ್ಲುವುದಿಲ್ಲ. ಅವರಿಗೆ ನಲವತ್ತು ವರ್ಷದ ಪುರಸೊತ್ತು ಎಲ್ಲಿತ್ತು?

1807ರ ಮಾರ್ಚಿನಲ್ಲಿ ಬ್ರಿಟಿಷರು ಆ ವ್ಯಾಪಾರವನ್ನು ಕಾನೂನಿನಿಂದ ನಿಲ್ಲಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ, ಕಣ್ಣು ಮಂಜಾಗಿದ್ದ ಮುದುಕ ನ್ಯೂಟನ್ ತೀರಿಕೊಂಡ.