ಒಂದೇ ಕ್ಯಾಮೆರಾ, ಎರಡು ಕೆಲಸ

ಹಲಬರ್ಗಾದ ಮದುವೆಮನೆಗೆ ಬರುವ ಛಾಯಾಗ್ರಾಹಕನ ಕೈಯಲ್ಲಿ ಇಂದು ಸ್ಥಿರಚಿತ್ರಕ್ಕೂ ವಿಡಿಯೋಗೂ ಒಂದೇ ಮಿರರ್‌ಲೆಸ್ ಕ್ಯಾಮೆರಾ ಇರಬಹುದು. ಅದನ್ನು ಕೊಳ್ಳತಕ್ಕವರು ಮೊದಲು ಕೇಳುವುದು, ಮೆಗಾಪಿಕ್ಸೆಲ್ ಎಷ್ಟೆಂದು. ಆದರೆ 4ಕೆ ವಿಡಿಯೋದ ಒಂದು ಚಿತ್ರಕ್ಕೆ ಬೇಕಾದುದು ಸುಮಾರು 83 ಲಕ್ಷ ಬಿಂದುಗಳು. 24 ಮೆಗಾಪಿಕ್ಸೆಲ್ ಇದ್ದರೆ ಎರಡು ಕೆಲಸಕ್ಕೂ ಧಾರಾಳವಾಯಿತು.

ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡುಂಟು. ಮೊದಲನೆಯದು ಸೆನ್ಸರಿನ ಅಳತೆ. ಫುಲ್‌ಫ್ರೇಮ್ ಸೆನ್ಸರು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ, ಎಪಿಎಸ್-ಸಿ ಅದರ ಅರ್ಧಕ್ಕೂ ಕಡಿಮೆ ವಿಸ್ತಾರದ್ದು. ಸೆನ್ಸರು ದೊಡ್ಡದಾದಷ್ಟೂ ಹೆಚ್ಚು ಬೆಳಕು ಹಿಡಿಯುತ್ತದೆ. ರಾತ್ರಿಯ ಮಂಟಪದಲ್ಲಿ ಇದು ದೊಡ್ಡ ಅನುಕೂಲ.

ಎರಡನೆಯದು ಓದುವ ವೇಗ. ಸಾಮಾನ್ಯ ಸೆನ್ಸರು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಓದು ನಿಧಾನವಾದರೆ, ಓಡುವ ರೈಲಿನ ನೆಟ್ಟಗಿನ ಬಾಗಿಲು ಓರೆಯಾಗಿ ಕಾಣುತ್ತದೆ; ಎಲ್‌ಇಡಿ ದೀಪದಡಿ ಪಟ್ಟೆಗಳೂ ಮೂಡಬಹುದು. ಸ್ಟ್ಯಾಕ್ಡ್ ಸೆನ್ಸರು ಬೇಗ ಓದುತ್ತದೆ, ಬೆಲೆಯೂ ಹೆಚ್ಚು.

ಆದಕಾರಣ, ಸಾಲ ಮಾಡಿ ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಬಾಗಿಲ ಚೌಕಟ್ಟಿನೆದುರು ಕ್ಯಾಮೆರಾವನ್ನು ಬೇಗಬೇಗನೆ ಹೊರಳಿಸುತ್ತ 4ಕೆ ವಿಡಿಯೋ ತೆಗೆದು ನೋಡಿರಿ. ಚೌಕಟ್ಟು ಬಹಳ ವಾಲಿದರೆ ಬೇರೊಂದನ್ನು ನೋಡುವುದು ಲೇಸು. ತಾಳಿ ಕಟ್ಟುವ ಗಳಿಗೆ ಮತ್ತೆ ಬಾರದಷ್ಟೆ!