ತತ್ತಿ ಬೇಯಿಸುವ ಹದ

ತತ್ತಿ ಬೇಯಿಸುವುದರಲ್ಲಿ ಹೇಳಿಕೊಡುವಂಥದ್ದೇನಿದೆ ಎಂದು ನೀವು ಕೇಳಬಹುದು. ಮನೆಮಂದಿಗೆ ನಾಲ್ಕು ತತ್ತಿ ಬೇಯಿಸುವವರೆಗೆ ಆ ಮಾತು ಸರಿಯೇ. ಆದರೆ ಸವಣೂರು ತಾಲೂಕಿನ ಯಲವಿಗಿಯಂಥ ಊರಿನ ಶಾಲೆಯಲ್ಲಿ, ಊಟದ ಗಂಟೆ ಬಾರಿಸುವುದರೊಳಗೆ ನೂರೈವತ್ತು ತತ್ತಿ ಬೇಯಿಸಿ ಸುಲಿದಿಡಬೇಕೆಂದರೆ ಹದ ತಿಳಿದಿರಲೇಬೇಕು.

ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರದಲ್ಲಿ ಆರಂಭವಾಯಿತು. 2022ರಲ್ಲಿ ಹಾವೇರಿ ಸೇರಿದಂತೆ ಉಳಿದ ಜಿಲ್ಲೆಗಳಿಗೂ ಬಂದಿತು. 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು. ಒಲ್ಲದ ಮಕ್ಕಳಿಗೆ ಬಾಳೆಹಣ್ಣು. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇರುತ್ತದೆ. ಅರ್ಧ ಬಿಳಿಭಾಗ ಸಿಪ್ಪೆಗಂಟಿ ತಿಪ್ಪೆ ಸೇರಿದರೆ ನಷ್ಟ ಮಗುವಿನದು.

ಮೊದಲು ತತ್ತಿಯನ್ನು ನೀರಿನಲ್ಲಿ ಹಾಕಿ ನೋಡಿ. ತಳದಲ್ಲಿ ಮಲಗಿದರೆ ತಾಜಾ, ತುದಿಯ ಮೇಲೆ ನಿಂತರೆ ಕೆಲವು ದಿನದ್ದು, ಬೇಗ ಬಳಸಿ, ತೇಲಿದರೆ ಬೇಡ. ವಿಚಿತ್ರವೆಂದರೆ, ಬೇಯಿಸಿ ಸುಲಿಯುವುದಕ್ಕೆ ತೀರ ತಾಜಾ ತತ್ತಿ ಒಳ್ಳೆಯದಲ್ಲ. ನಿನ್ನೆ ಮನೆಯ ಜವಾರಿ ಕೋಳಿ ಇಟ್ಟದ್ದನ್ನು ಬೇಯಿಸಿದವರಿಗೆ ಇದು ಗೊತ್ತು. ದಿನ ಕಳೆದಂತೆ ಒಳಗಿನ ಇಂಗಾಲದ ಡೈ ಆಕ್ಸೈಡ್ ಸಿಪ್ಪೆಯ ರಂಧ್ರಗಳಿಂದ ಹೊರಹೋಗಿ, ಬಿಳಿಭಾಗ ಪೊರೆಗೆ ಅಂಟುವುದು ಕಡಿಮೆಯಾಗುತ್ತದೆ. ಸಿಪ್ಪೆಯ ಹೊಲಸನ್ನು ಬೇಯಿಸುವ ಮುನ್ನವಷ್ಟೇ ತೊಳೆಯಿರಿ. ತೊಳೆದು ದಿನಗಟ್ಟಲೆ ಇಡಬೇಡಿ.

ತಣ್ಣೀರಿನಲ್ಲಿಟ್ಟು ಒಲೆ ಹೊತ್ತಿಸುವುದು ನಮ್ಮಲ್ಲಿ ರೂಢಿ. ಅದಕ್ಕಿಂತ ನೀರು ಕುದಿಸಿ, ಚಿಟಿಕೆ ಉಪ್ಪು ಹಾಕಿ, ಝಾರಿಯಿಂದ ತತ್ತಿಗಳನ್ನು ನಿಧಾನ ಇಳಿಸಿದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಒಡೆದು ಸೋರಿದರೂ ಉಪ್ಪು ಬೇಗ ಗಟ್ಟಿಯಾಗಿಸುತ್ತದೆ. ಉರಿ ತಗ್ಗಿಸಿ ಹನ್ನೆರಡು ನಿಮಿಷ ಬೇಯಲಿ. ದೊಡ್ಡ ಬೋಗುಣಿಯವರು ಇಲ್ಲೊಂದು ಮಾತು ಗಮನಿಸಬೇಕು. ಒಮ್ಮೆಗೆ ಐವತ್ತು ತತ್ತಿ ಬಿದ್ದರೆ ಕುದಿ ನಿಂತುಹೋಗುತ್ತದೆ. ಮತ್ತೆ ಕುದಿ ಬಂದ ಮೇಲೆಯೇ ನಿಮಿಷ ಎಣಿಸಬೇಕು. ಎಣಿಸದೆ ಅಂದಾಜಿನ ಮೇಲೆ ಇಳಿಸಿದರೆ ನಡುವೆ ಹಸಿ ಉಳಿಯುತ್ತದೆ. ಅಂಥ ತತ್ತಿಯಿಂದ ಸಾಲ್ಮೊನೆಲ್ಲಾ ರೋಗಾಣು ಮಕ್ಕಳ ಹೊಟ್ಟೆ ಸೇರಬಹುದು.

ಹಾಗೆಂದು ಅರ್ಧ ತಾಸು ಕುದಿಸುವುದೂ ಬೇಡ. ಬಿಳಿಭಾಗದ ಗಂಧಕ ಹಳದಿಯ ಕಬ್ಬಿಣದೊಂದಿಗೆ ಕೂಡಿ ಹಸಿರು ಉಂಗುರ ಕಟ್ಟುತ್ತದೆ. ತಿಂದರೆ ಅಪಾಯವಿಲ್ಲ, ಆದರೆ ವಾಸನೆಗೆ ಮಗು ಮುಖ ತಿರುಗಿಸುತ್ತದೆ.

ಬೆಂದ ತಕ್ಷಣ ತಣ್ಣೀರಿಗೆ ಹಾಕಿ. ಬೇಸಿಗೆಯಲ್ಲಿ ಟಾಕಿಯ ನೀರು ಬಿಸಿಯಿರುತ್ತದೆ, ಹರವಿಯ ನೀರು ಬಳಸಿ, ಎರಡು ಸಲ ಬದಲಿಸಿ. ಅದು ಕುಡಿಯುವ ನೀರೇ ಆಗಿರಬೇಕು. ತಣ್ಣಗಾಗುವಾಗ ತತ್ತಿ ಒಳಗೆ ಕುಗ್ಗಿ, ಸಿಪ್ಪೆಯ ರಂಧ್ರಗಳ ಮೂಲಕ ನೀರನ್ನೆಳೆಯುತ್ತದೆ. ಪಾತ್ರೆ ತೊಳೆದ ಬಕೀಟಿನಲ್ಲಿ ಅದ್ದುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಸುಲಿಯುವಾಗ ದಪ್ಪ ತುದಿಯಿಂದ ಶುರುಮಾಡಿ, ಗಾಳಿಯ ಗೂಡು ಇರುವುದು ಅಲ್ಲಿಯೇ. ಸುತ್ತಲೂ ಬಿರುಕು ಬಿಡಿಸಿ ನೀರಿನೊಳಗೆ ಹಿಡಿದರೆ ಪೊರೆಯ ಸಮೇತ ಬರುತ್ತದೆ. ಸುಲಿದದ್ದನ್ನು ಮುಚ್ಚಿಟ್ಟು ಎರಡು ತಾಸಿನೊಳಗೆ ಬಡಿಸಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಒಂದೇ ತಾಸು. ಶೀತಕ ಪೆಟ್ಟಿಗೆ ಇದ್ದವರು ಸಿಪ್ಪೆಸಮೇತ ಒಂದು ವಾರ ಇಡಬಹುದು.